ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಶುರುವಾಗುವ ಜಗಳ: ಹೊಣೆ ಯಾರದು?

ಪಿಕಪ್‌ಗೋ ಜೀಪಿಗೋ ಬೇರೆ ಸಸ್ಪೆನ್ಷನ್ ಹಾಕಿಸಿ ಎತ್ತರ ಮಾಡಿಸುವುದು ಈಗ ನಾಲ್ಕಾರು ಜನರ ಹುಚ್ಚಾಗಿ ಉಳಿದಿಲ್ಲ. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು. 2020ರಲ್ಲಿ ಹೊಸ ಥಾರ್, 2022ರಲ್ಲಿ ಟೊಯೋಟಾ ಹೈಲಕ್ಸ್, 2023ರಲ್ಲಿ ಜಿಮ್ನಿ, 2024ರಲ್ಲಿ ಥಾರ್ ರಾಕ್ಸ್ ಬಂದವು. ಗಾಡಿಗಳ ಹಿಂದೆಯೇ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಥಾಯ್ಲೆಂಡಿನ ಪ್ರೊಫೆಂಡರ್ ತರಹದ ಸಸ್ಪೆನ್ಷನ್ ಬ್ರ್ಯಾಂಡುಗಳ ಹೆಸರುಗಳು ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರಿನ ಎಸ್ಟೇಟ್ ಹುಡುಗರ ಬಾಯಲ್ಲೂ ಬಂದವು. ಒಂದು ಒಳ್ಳೆ ಕಿಟ್ ಹಾಕಿಸಿ, ಅದರ ಜೊತೆ ಬೇಕಾದ ಸಣ್ಣಪುಟ್ಟದ್ದೆಲ್ಲ ಸೇರಿಸಿದರೆ ಬಿಲ್ಲು ಲಕ್ಷ ದಾಟುವುದು ಸಾಮಾನ್ಯ.

ಅಷ್ಟು ದುಡ್ಡು ಕೊಟ್ಟವರು ಎರಡು ತಿಂಗಳಾದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎರಡು ಇಂಚು ಏರುತ್ತೆ ಅಂದಿದ್ರು, ಹಿಂದೆ ಒಂದೇ ಇಂಚು ಏರಿದೆ. ಎಡಗಡೆ ವಾಲಿದೆ. ಶಾಕ್ ಅಬ್ಸಾರ್ಬರ್ ಸೋರುತ್ತಿದೆ. ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಶೋರೂಮಿನವರು ವಾರಂಟಿ ಇಲ್ಲ ಅಂತಿದ್ದಾರೆ. ಅಂಗಡಿಯವರ ಉತ್ತರವೂ ಹೆಚ್ಚುಕಡಿಮೆ ಒಂದೇ: ಅದು ನಮ್ಮ ತಪ್ಪಲ್ಲ.

ಈ ಜಗಳಗಳಲ್ಲಿ ಬಹಳಷ್ಟು "ಪಾರ್ಟ್ ಕೆಟ್ಟಿದೆಯಾ ಇಲ್ವಾ" ಅನ್ನುವುದರ ಮೇಲೆ ನಿಂತಿಲ್ಲ. ಮೊದಲ ದಿನ ನೀವು ಅಂಗಡಿಯವರಿಗೆ ಏನು ಹೇಳಿದ್ರಿ, ಅವರು ಏನು ಸೂಚಿಸಿದರು, ಗಾಡಿ ಆಗ ಎಷ್ಟು ಎತ್ತರ ಇತ್ತು, ಈ ಮೂರೂ ಎಲ್ಲೂ ಬರೆದಿರುವುದಿಲ್ಲ. ಅದಕ್ಕೇ ಜಗಳ ಮುಗಿಯುವುದಿಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಗೆ ಇದೇ ಕಿಟ್ ಸರಿ ಅಂತ ಹೇಳಿ, ಮಾರಿ, ತಾವೇ ಫಿಟ್ ಮಾಡಿದ ಅಂಗಡಿ ಆಮೇಲೆ ಪರದೇಶದ ಕಂಪನಿ ಕಡೆ ಕೈ ತೋರಿಸುವುದು ಸರಿಯಲ್ಲ. ಕಾನೂನೂ ಅದಕ್ಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದು ಹೇಗೆ ಅಂತ ನೋಡೋಣ.

ಎತ್ತರದ ಲೆಕ್ಕ

ಮೊದಲು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರನ್ನೇ ತಗೊಳ್ಳೋಣ. "ಎರಡು ಇಂಚು ಲಿಫ್ಟ್" ಅನ್ನುವುದು ಸ್ಪ್ರಿಂಗಿನ ಗುಣ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಸ್ಪ್ರಿಂಗ್ ಮತ್ತು ಅದರ ಮೇಲಿನ ಭಾರ, ಎರಡೂ ಸೇರಿ ಕೊಡುವ ಫಲ.

ಗಾಡಿಯ ಮುಂಭಾಗದ ಹೆವಿ ಸ್ಪ್ರಿಂಗ್ ಮಾಡಿರುವುದೇ ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ) ಇರುವ ಗಾಡಿಗೆ. ಬಂಪರ್ ಸುಮಾರು 50 ಕೆಜಿ, ವಿಂಚ್ 35-40 ಕೆಜಿ, ಜೊತೆಗೆ ಬ್ರಾಕೆಟ್ ಅದೂ ಇದೂ ಸೇರಿ ಮೂತಿಯ ಮೇಲೆ 100 ಕೆಜಿ ಅಂತಿಟ್ಟುಕೊಳ್ಳಿ. ಒಂದೊಂದು ಚಕ್ರಕ್ಕೆ 50 ಕೆಜಿ. ಚಕ್ರದ ಹತ್ತಿರ ಲೆಕ್ಕ ಹಾಕಿದಾಗ ಸ್ಪ್ರಿಂಗ್ ಪ್ರತಿ 3 ಕೆಜಿಗೆ ಒಂದು ಮಿಲಿಮೀಟರ್ ಕುಗ್ಗುತ್ತದೆ ಅಂತಾದರೆ, ಆ 50 ಕೆಜಿ ಇಲ್ಲದಿದ್ದಾಗ ಗಾಡಿ ಸುಮಾರು 16-17 ಮಿಲಿಮೀಟರ್ ಹೆಚ್ಚು ಎದ್ದು ನಿಲ್ಲುತ್ತದೆ. ಕಿಟ್ ಹೇಳಿದ್ದು 50 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು. ಬರೀ ಬಂಪರ್, ವಿಂಚ್ ಇಲ್ಲದ್ದಕ್ಕೆ ಅದರ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ! ಮೂತಿ ಮೇಲೆ, ಸವಾರಿ ಗಡಸು, ರಸ್ತೆಯ ಸಣ್ಣ ಉಬ್ಬಿಗೂ ಹಲ್ಲು ಕಟಕಟ. ಇದರಲ್ಲಿ ಸ್ಪ್ರಿಂಗಿನ ದೋಷ ಏನೂ ಇಲ್ಲ. ಆಯ್ಕೆ ತಪ್ಪು.

ಹಿಂದುಗಡೆ ಇದೇ ಕಥೆ ತಿರುಗಮುರುಗ. ಪಿಕಪ್ಪಿನ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪ್ಲೇಟುಗಳು. ಗಾಡಿ ತಂದಾಗ ಹಿಂದೆ ಖಾಲಿ ಇತ್ತು, ಆಮೇಲೆ ಕೆನಪಿ (ಹಿಂದಿನ ತೊಟ್ಟಿಗೆ ಹಾಕುವ ಮುಚ್ಚಿಗೆ) ಬಂತು, ಟೆಂಟ್ ಬಂತು, ಫ್ರಿಜ್ಜು, ನೀರಿನ ಟ್ಯಾಂಕು ಬಂತು. ಖಾಲಿ ಗಾಡಿಗೆ ಅಂತ ಕೊಟ್ಟ ಪ್ಲೇಟುಗಳು ಕುಗ್ಗಿ ಕೂತವು. ಆಗ ಕೊಂಡವರು "ಮೋಸ" ಅಂತಾರೆ, ಅಂಗಡಿಯವರು "ನೀವು ಟೆಂಟ್ ಹಾಕ್ತೀರಿ ಅಂತ ಹೇಳಲೇ ಇಲ್ವಲ್ಲ" ಅಂತಾರೆ. ಹೇಳಿದ್ದರಾ, ಹೇಳಿರಲಿಲ್ಲವಾ? ಎರಡೂ ಕಡೆ ಸಾಕ್ಷಿ ಇಲ್ಲ.

ಅಂಗಡಿಗಳಲ್ಲಿ ಆಗಾಗ ಕೇಳುವ ಒಂದು ಸಂಭಾಷಣೆ ಹೀಗಿರುತ್ತದೆ.

"ಸರ್, ಎರಡು ಇಂಚು ಅಂದಿದ್ರಿ. ಹಿಂದೆ ಒಂದೇ ಇಂಚು ಎದ್ದಿದೆ."

"ಒಂದು ಸಾವಿರ ಕಿಲೋಮೀಟರ್ ಓಡ್ಸಿ ಸರ್, ಸೆಟ್ ಆಗುತ್ತೆ."

ಈ ಉತ್ತರ ಕೇಳಿ ಸುಮ್ನೆ ಮನೆಗೆ ಹೋಗಬೇಡಿ. ಹೊಸ ಸ್ಪ್ರಿಂಗ್ ಓಡುತ್ತಾ ಓಡುತ್ತಾ ಸ್ವಲ್ಪ ಕೂರುತ್ತದೆ, ನಿಜ. ಅಂದರೆ ಕೆಳಗೆ ಇಳಿಯುತ್ತದೆ. ಮೂತಿ ಜಾಸ್ತಿ ಎದ್ದಿದ್ದರೆ "ಸೆಟ್ ಆಗುತ್ತೆ" ಅನ್ನುವುದರಲ್ಲಿ ಅರ್ಥ ಇದೆ. ಕಡಿಮೆ ಎದ್ದಿರುವ ಗಾಡಿ ಓಡಿಸಿದರೆ ಮೇಲೇಳುವುದಿಲ್ಲ. ಆ ಸಾವಿರ ಕಿಲೋಮೀಟರ್ ಓಡಿಸುವಷ್ಟರಲ್ಲಿ ಪಾರ್ಟ್ "ಬಳಸಿದ ಮಾಲು" ಆಗಿಬಿಟ್ಟಿರುತ್ತದೆ, ವಾಪಸ್ ತಗೊಳ್ಳಲ್ಲ ಅನ್ನುವುದಕ್ಕೆ ಅದೇ ಕಾರಣ ಆಗುತ್ತದೆ.

ಎತ್ತರ ಅಳೆಯುವ ಸರಿಯಾದ ರೀತಿ ಟೇಪು ಹಿಡಿದು ಎರಡು ನಿಮಿಷದಲ್ಲಿ ಮುಗಿಯುವ ಕೆಲಸ. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರಿನ ಅಂಚಿನವರೆಗೆ ಅಳೆಯಬೇಕು, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರ್ ಸೈಜು, ಗಾಳಿ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಚಕ್ರದ ಮಧ್ಯದಿಂದ ಅಳೆದರೆ ಟೈರ್ ಬದಲಾದರೂ ಅಳತೆ ಬದಲಾಗಲ್ಲ. ಕಿಟ್ ಹಾಕುವ ಮೊದಲು ಒಂದು ಸಲ, ಹಾಕಿದ ದಿನ ಒಂದು ಸಲ, ಟೇಪು ಕಾಣುವ ಹಾಗೆ ಫೋಟೋ. ಹಾಕುವ ಮೊದಲಿನ ಅಳತೆಯೇ ಇಲ್ಲದಿದ್ದರೆ "ಒಂದೇ ಇಂಚು ಎದ್ದಿದೆ" ಅನ್ನುವುದನ್ನು ಯಾರೂ ಸಾಬೀತು ಮಾಡಲಾರರು. ಗಾಡಿ ಮೊದಲೇ ಎಡಕ್ಕೆ ವಾಲಿತ್ತಾ ಅನ್ನುವುದೂ ಗೊತ್ತಾಗಲ್ಲ. ಎಷ್ಟೋ ಗಾಡಿಗಳು ಕಂಪನಿಯಿಂದ ಬರುವಾಗಲೇ ಡ್ರೈವರ್ ಕಡೆ, ಟ್ಯಾಂಕಿನ ಕಡೆ ಐದಾರು ಮಿಲಿಮೀಟರ್ ತಗ್ಗಿರುತ್ತವೆ.

ಫಿಟಿಂಗಿನಲ್ಲಿ ಆಗುವ ತಪ್ಪು, ಪಾರ್ಟಿನ ತಲೆಗೆ

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ದೋಷ ಯಾರದು ಅಂತ ತೀರ್ಮಾನ ತಪ್ಪುವುದು ಹೆಚ್ಚಾಗಿ ಇಲ್ಲೇ.

ಸಸ್ಪೆನ್ಷನ್ ತೋಳುಗಳ ತುದಿಯಲ್ಲಿ, ಲೀಫ್ ಸ್ಪ್ರಿಂಗಿನ ಕಣ್ಣಿನಲ್ಲಿ (ತುದಿಯ ಬಳೆಯಲ್ಲಿ) ರಬ್ಬರ್ ಬುಷ್ ಇರುತ್ತದೆ. ಇದು ಬೇರಿಂಗಿನ ಹಾಗೆ ತಿರುಗುವುದಿಲ್ಲ. ಬೋಲ್ಟ್ ಟೈಟ್ ಆದಾಗ ಒಳಗಿನ ಕಬ್ಬಿಣದ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಗಾಡಿ ಮೇಲೆ ಕೆಳಗೆ ಆಡಿದಾಗ ರಬ್ಬರ್ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಹಾಗಾಗಿ ಈ ಬೋಲ್ಟುಗಳ ಕೊನೆಯ ಟೈಟು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗಲೇ ಕೊಡಬೇಕು. ಗಾಡಿ ಗ್ಯಾರೇಜಿನ ಲಿಫ್ಟಿನ ಮೇಲೆ ಇದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿಯುವ ಗನ್ ಹಿಡಿದು ಟೈಟ್ ಮಾಡಿ ಇಳಿಸಿದರೆ ಏನಾಗುತ್ತದೆ? ನೆಲಕ್ಕೆ ಇಳಿದ ಕ್ಷಣದಿಂದಲೇ ಆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಗಾಡಿ ಒಂದಿಷ್ಟು ಎತ್ತರ ಜಾಸ್ತಿ ನಿಲ್ಲುತ್ತದೆ, ಸವಾರಿ ಗಡಸಾಗುತ್ತದೆ, ಕೆಲವು ತಿಂಗಳಲ್ಲಿ ರಬ್ಬರ್ ಹರಿದು ಕಿರಗುಟ್ಟುತ್ತದೆ. ಆಗ ಎಲ್ಲರೂ ಹೇಳುವುದು "ಆ ಬ್ರ್ಯಾಂಡಿನ ಬುಷ್ ಸರಿ ಇಲ್ಲ". ಪಾರ್ಟ್ ಮಾಡಿದವರದ್ದು ಇಲ್ಲಿ ತಪ್ಪೇ ಇಲ್ಲ, ತಪ್ಪು ಆ ದಿನ ಅವಸರದಲ್ಲಿ ಗನ್ ಹಿಡಿದ ಕೈಯದ್ದು.

ಜಿಮ್ನಿಯಲ್ಲಿ ಬರುವ ನಡುಕ ಇನ್ನೊಂದು. ಅದರ ಮುಂದೂ ಹಿಂದೂ ಗಟ್ಟಿ ಆಕ್ಸಲ್, ಅಂದರೆ ಎರಡು ಚಕ್ರಕ್ಕೂ ಸೇರಿ ಒಂದೇ ಅಡ್ಡ ತೊಲೆ. ಗಾಡಿ ಎತ್ತಿದಾಗ ಮುಂದಿನ ಆಕ್ಸಲ್ ತೋಳುಗಳ ಜೊತೆ ಸ್ವಲ್ಪ ತಿರುಗಿಬಿಡುತ್ತದೆ, ಕ್ಯಾಸ್ಟರ್ ಕೋನ (ಸ್ಟೇರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಕಡಿಮೆಯಾಗುತ್ತದೆ, ಸ್ಟೇರಿಂಗ್ ತಾನಾಗಿ ನೆಟ್ಟಗಾಗುವ ಗುಣ ಕುಗ್ಗುತ್ತದೆ. ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್‌ನಿಂದಾಗಿ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಕ್ಯಾಸ್ಟರ್ ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ರಾಡ್ ಸಿಗುತ್ತವೆ. ಬರೀ ಸ್ಪ್ರಿಂಗು, ಶಾಕ್ ಹಾಕಿ ಕಳಿಸಿದರೆ ಕೆಲಸ ಅರ್ಧ ಆದ ಹಾಗೆ. ಆದರೆ ನಡುಕಕ್ಕೆ ಬೇರೆ ಕಾರಣಗಳೂ ಇವೆ: ಟೈರ್ ಬ್ಯಾಲೆನ್ಸ್, ಸವೆದ ಕಿಂಗ್‌ಪಿನ್ ಬೇರಿಂಗ್, ಸಡಿಲ ರಾಡ್ ಬೋಲ್ಟು. ಕಿಟ್ ಹಾಕಿದ ಮರುದಿನವೇ ನಡುಕ ಬಂದರೆ ಅಂಗಡಿಯವರನ್ನು ಕೇಳುವುದು ನ್ಯಾಯ. ಆರು ತಿಂಗಳ ಮೇಲೆ, ದೊಡ್ಡ ಮಡ್ ಟೈರ್ ಹಾಕಿಸಿದ ಮೇಲೆ ಬಂದರೆ ಮೊದಲು ಟೈರ್ ನೋಡಿಸುವುದು ನ್ಯಾಯ.

ವಿ-ಕ್ರಾಸ್, ಹೈಲಕ್ಸ್, ಥಾರ್ ಇವುಗಳ ಮುಂದುಗಡೆ ಸ್ವತಂತ್ರ ಸಸ್ಪೆನ್ಷನ್, ಎರಡು ಚಕ್ರವೂ ಬೇರೆಬೇರೆಯಾಗಿ ಆಡುತ್ತವೆ. ಅಲ್ಲಿ ಎತ್ತಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್ ಹೆಚ್ಚು ಕೋನದಲ್ಲಿ ತಿರುಗಬೇಕಾಗುತ್ತದೆ, ರಬ್ಬರ್ ಬೂಟ್ ಬೇಗ ಹರಿದು ಗ್ರೀಸ್ ಚೆಲ್ಲಬಹುದು. ಮೇಲಿನ ತೋಳಿನ ಬಾಲ್ ಜಾಯಿಂಟ್ ತನ್ನ ಮಿತಿಯ ಹತ್ತಿರ ಹೋಗುತ್ತದೆ. ಅಲೈನ್‌ಮೆಂಟ್ ಕಂಪನಿ ಹೇಳಿದ ಅಳತೆಗೆ ಬರದೇ ಹೋಗಬಹುದು, ಆಗ ಮೇಲಿನ ತೋಳನ್ನೇ ಬದಲಿಸಬೇಕು. ಇದು ಮಾರುವವರಿಗೆ ಗೊತ್ತಿರುವ ವಿಷಯ. ಹೇಳದೇ ಮಾರಿ, ಆಮೇಲೆ ಒಂದೊಂದೇ ಪಾರ್ಟಿಗೆ ಒಂದೊಂದು ಬಿಲ್ ಕೊಡುವುದು ನನ್ನ ಮಟ್ಟಿಗೆ ಒಪ್ಪುವಂಥದ್ದಲ್ಲ. ಮೊದಲ ದಿನವೇ "ಇಷ್ಟು ಎತ್ತಿದರೆ ಇದೂ ಬೇಕಾಗಬಹುದು, ಒಟ್ಟು ಇಷ್ಟಾಗುತ್ತೆ" ಅಂತ ಹೇಳುವ ಅಂಗಡಿಗಳೂ ಇವೆ. ಅಂಥವರ ರೇಟು ನೋಡಲು ಜಾಸ್ತಿ ಅನ್ನಿಸುತ್ತದೆ. ಆದರೂ ಅವರ ಹತ್ತಿರವೇ ಹೋಗಿ.

ಶಾಕ್ ಸೋರುವುದರ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ರಾಡಿನ ಬುಡದಲ್ಲಿ ತೆಳುವಾಗಿ ಎಣ್ಣೆ ಪಸೆ ಕಂಡು ಅದರ ಮೇಲೆ ಧೂಳು ಕೂತಿದ್ದರೆ ಸೋರಿಕೆ ಅಂತ ಅಲ್ಲ, ಸೀಲಿಗೆ ಅಷ್ಟು ಪಸೆ ಬೇಕು. ಎಣ್ಣೆ ಹರಿದು ಕೆಳಗಿನ ತುದಿಯವರೆಗೆ ಇಳಿದಿದ್ದರೆ, ಒರೆಸಿ ಓಡಿಸಿದ ಮೇಲೆ ಮತ್ತೆ ಒದ್ದೆಯಾದರೆ ಅದು ಸೋರಿಕೆ. ಒರೆಸುವ ಮೊದಲು ಒಂದು ಫೋಟೋ, ಒರೆಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಂದು ಫೋಟೋ. ವಾರಂಟಿ ಕೇಳುವಾಗ ಇದು ಹತ್ತು ಫೋನ್ ಕರೆಗಿಂತ ಮೇಲು.

ಹೆಸರು ಹೇಳಿ ಕೊಂಡಿರಾ, ಕೆಲಸ ಹೇಳಿ ಕೊಂಡಿರಾ?

ಇಲ್ಲಿ 1930ರ ಸರಕು ಮಾರಾಟ ಕಾಯ್ದೆ ಬರುತ್ತದೆ. ಹಳೇ ಕಾನೂನು, ಆದರೆ ಇವತ್ತಿನ ಲಿಫ್ಟ್ ಕಿಟ್ಟಿಗೂ ನೇರವಾಗಿ ತಾಗುತ್ತದೆ. ಅದರ 16ನೇ ಸೆಕ್ಷನ್ ಹೇಳುವುದು ಸರಳವಾಗಿ ಹೀಗೆ: ಕೊಳ್ಳುವವನು ತನಗೆ ಯಾವ ಕೆಲಸಕ್ಕೆ ಬೇಕು ಅಂತ ಮಾರುವವನಿಗೆ ತಿಳಿಸಿ, ಅವನ ತಿಳಿವಳಿಕೆ ಮೇಲೆ ನಂಬಿಕೆ ಇಟ್ಟು ಕೊಂಡಿದ್ದರೆ, ಆ ತರಹದ ಮಾಲು ಮಾರುವುದೇ ಅವನ ವ್ಯಾಪಾರವಾಗಿದ್ದರೆ, ಮಾಲು ಆ ಕೆಲಸಕ್ಕೆ ತಕ್ಕಮಟ್ಟಿಗೆ ಒದಗಲೇಬೇಕು. ಬಾಯಿಬಿಟ್ಟು ವಾರಂಟಿ ಕೊಟ್ಟಿರಬೇಕು ಅಂತಲೂ ಇಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಇಂಥ ಬ್ರ್ಯಾಂಡಿನ ಇಂಥದ್ದೇ ಮಾಲು ಕೊಡಿ ಅಂತ ಹೆಸರು ಹಿಡಿದು ಕೊಂಡರೆ, ನಿಮ್ಮ ಕೆಲಸಕ್ಕೆ ಅದು ಒದಗುತ್ತದೆ ಅನ್ನುವ ಹೊಣೆ ಮಾರುವವನ ಮೇಲೆ ತಾನಾಗಿ ಬೀಳುವುದಿಲ್ಲ.

ಈ ವ್ಯತ್ಯಾಸದಲ್ಲೇ ಅರ್ಧ ಕೇಸು ಇದೆ. ಯಾವುದೋ ವಿಡಿಯೋ ನೋಡಿ, "ಆ ಕಂಪನಿಯ ಹೆವಿ ಸ್ಪ್ರಿಂಗ್, ಈ ಪಾರ್ಟ್ ನಂಬರ್, ನನಗೆ ಅದೇ ಬೇಕು" ಅಂತ ಹೇಳಿ ತರಿಸಿಕೊಂಡರೆ ಆಯ್ಕೆಯ ಹೊಣೆ ನಿಮ್ಮದೇ. "ನನ್ನದು ವಿ-ಕ್ರಾಸ್. ಮುಂದೆ ಸ್ಟೀಲ್ ಬಂಪರ್ ಇದೆ, ವಿಂಚ್ ಮುಂದಿನ ತಿಂಗಳು. ಹಿಂದೆ ಯಾವಾಗಲೂ ಇನ್ನೂರು ಕೆಜಿ ಸಾಮಾನು ಇರುತ್ತೆ. ವಾರದಲ್ಲಿ ಐದು ದಿನ ಎಸ್ಟೇಟ್ ರಸ್ತೆ, ತಿಂಗಳಿಗೊಮ್ಮೆ ಬೆಂಗಳೂರು. ಯಾವ ಕಿಟ್ ಸರಿಹೋಗುತ್ತೆ ನೀವೇ ಹೇಳಿ" ಅಂತ ವಾಟ್ಸಾಪಿನಲ್ಲಿ ಬರೆದು, ಅವರು "ಸರ್ ಈ ಕಿಟ್ ತಗೊಳ್ಳಿ" ಅಂತ ಉತ್ತರ ಕೊಟ್ಟರೆ, ಆಯ್ಕೆಯ ಹೊಣೆ ಅವರದು. ಅದೇ ಕಿಟ್ಟು, ಅದೇ ಬೆಲೆ, ಬದಲಾದದ್ದು ಒಂದು ಮೆಸೇಜು. ಫೋನಿನಲ್ಲಿ ಮಾತಾಡಿದ್ದರೂ ಆಮೇಲೆ "ನಾವು ಮಾತಾಡಿದ ಹಾಗೆ" ಅಂತ ನಾಲ್ಕು ಸಾಲು ಬರೆದು ಕಳಿಸಿ. ಒಳ್ಳೆ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೂ ಅದೇ ರಕ್ಷಣೆ. ನಾಳೆ ನೀವು ಹೇಳದೇ ಟೆಂಟ್ ಹಾಕಿಸಿದರೆ ತೋರಿಸುವುದಕ್ಕೆ ಅವರ ಕೈಯಲ್ಲೂ ಒಂದು ದಾಖಲೆ ಇರುತ್ತದೆ.

ಪರದೇಶದ ಕಂಪನಿ ಕಡೆ ತೋರಿಸುವ ಬೆರಳು

ಒಂದು ಕಿಟ್ ನಿಮ್ಮ ಗಾಡಿಗೆ ಬರುವಷ್ಟರಲ್ಲಿ ನಾಲ್ಕು ಕೈ ದಾಟಿರುತ್ತದೆ: ತಯಾರಕ, ಆಮದು ಮಾಡಿದವರು, ಅಂಗಡಿ, ಫಿಟ್ ಮಾಡಿದ ಗ್ಯಾರೇಜು. ಸಮಸ್ಯೆ ಬಂದಾಗ ಅಂಗಡಿಯವರು "ಕಂಪನಿಗೆ ಮೇಲ್ ಹಾಕಿದೀವಿ" ಅಂತಾರೆ, ಆಮದುದಾರರು "ಫಿಟಿಂಗ್ ತಪ್ಪು" ಅಂತಾರೆ, ಗ್ಯಾರೇಜಿನವರು "ಪಾರ್ಟ್ ನಾವು ಕೊಟ್ಟಿದ್ದಲ್ಲ" ಅಂತಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಸುತ್ತಾಟಕ್ಕೆ ಸ್ವಲ್ಪ ಮಟ್ಟಿಗೆ ಬ್ರೇಕ್ ಹಾಕಿದೆ. ಅದರಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತಲೇ ಒಂದು ಅಧ್ಯಾಯ ಇದೆ. 86ನೇ ಸೆಕ್ಷನ್ ಪ್ರಕಾರ ತಯಾರಕ ಅಲ್ಲದ ಮಾರಾಟಗಾರನೂ ಕೆಲವು ಸಂದರ್ಭಗಳಲ್ಲಿ ಹೊಣೆಗಾರ. ತಯಾರಕ ಯಾರು ಅಂತಲೇ ಗೊತ್ತಿಲ್ಲದಿದ್ದರೆ, ಗೊತ್ತಿದ್ದರೂ ಅವನಿಗೆ ನೋಟಿಸ್ ತಲುಪಿಸಲು ಆಗದಿದ್ದರೆ ಅಥವಾ ಅವನು ಭಾರತದ ಕಾನೂನಿನ ವ್ಯಾಪ್ತಿಗೆ ಬರದಿದ್ದರೆ, ಮಾರಿದವನು ಹೊಣೆ. ಮಾರುವವನು ತಾನೇ ಬೇರೆ ವಾರಂಟಿ ಮಾತು ಕೊಟ್ಟಿದ್ದರೆ, ಮಾಲನ್ನು ಬದಲಿಸಿದ್ದರೆ, ಜೋಡಿಸುವಾಗ ಅಥವಾ ಪರೀಕ್ಷಿಸುವಾಗ ಸಾಕಷ್ಟು ಎಚ್ಚರ ವಹಿಸದೆ ಅದರಿಂದ ಹಾನಿ ಆಗಿದ್ದರೂ ಹೊಣೆ. ಬೋಲ್ಟ್ ಸರಿಯಾಗಿ ಕೂರಿಸದೆ ತೋಳು ಕಳಚಿಕೊಂಡು ಅಪಘಾತವಾದರೆ ಈ ಸೆಕ್ಷನ್ ನೇರವಾಗಿ ಬರುತ್ತದೆ.

ಆದರೆ ಒಂದು ಎಚ್ಚರ. ಈ ಅಧ್ಯಾಯ ಇರುವುದು "ಹಾನಿ"ಗೆ: ಮೈಗೆ ಪೆಟ್ಟು, ಬೇರೆ ಆಸ್ತಿಗೆ ನಷ್ಟ, ಅದರಿಂದಾದ ಮಾನಸಿಕ ನೋವು. ಆ ಪಾರ್ಟೇ ಕೆಟ್ಟುಹೋದದ್ದು, ವಾರಂಟಿ ಮಾತು ತಪ್ಪಿದ್ದು ಇದರಡಿ ಬರುವುದಿಲ್ಲ. ಸೋರುವ ಶಾಕ್ ಅಬ್ಸಾರ್ಬರಿಗೆ ದೂರು ಕೊಡಬೇಕಾದರೆ "ದೋಷವುಳ್ಳ ಸರಕು", ತಪ್ಪು ಫಿಟಿಂಗಿಗೆ "ಸೇವಾ ನ್ಯೂನತೆ" ಅಂತ ಕೊಡಬೇಕು. ಅದೇ ಕಾಯ್ದೆ, ಬೇರೆ ದಾರಿ. ದೂರು ಬರೆಯುವಾಗ ಇದನ್ನು ಕಲಸಿಬಿಟ್ಟರೆ ಎದುರಿನ ವಕೀಲರಿಗೆ ಸುಲಭವಾಗುತ್ತದೆ.

ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ತಗೊಳ್ಳುವುದಿಲ್ಲ" ಅಂತ ಅಚ್ಚು ಹಾಕಿರುತ್ತಾರಲ್ಲ, ಅದನ್ನು ನೋಡಿ ಬಹಳ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಆಗಬೇಕಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದೇ ಇರುವುದೂ ಅನುಚಿತ ವ್ಯಾಪಾರ ಪದ್ಧತಿಯೇ.

ಬಿಲ್ ಅಂದ ತಕ್ಷಣ ಎಲ್ಲರಿಗೂ ಗೊತ್ತಿರುವ ಒಂದು ಮಾತು ನೆನಪಾಗುತ್ತದೆ: "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸರ್." 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಲಕ್ಷದ ಕಿಟ್ಟಿಗೆ ಅದೂ ಸಣ್ಣ ಮೊತ್ತ ಅಲ್ಲ, ಆಸೆ ಆಗುವುದು ಸಹಜ. ಆದರೆ ಬಿಲ್ ಇಲ್ಲದ ಕಿಟ್ಟಿಗೆ ವಾರಂಟಿ ಇಲ್ಲ, ಯಾವ ದಿನ ಕೊಂಡಿರಿ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಯಾರು ಮಾರಿದರು ಅನ್ನುವುದಕ್ಕೂ ಇಲ್ಲ. ಡಬ್ಬಿಯನ್ನೂ ಎಸೆಯಬೇಡಿ. ಆಮದು ಮಾಡಿದ ಮಾಲಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು ಅನ್ನುವುದು ಕಾನೂನುಬದ್ಧ ಮಾಪನ ನಿಯಮ. ಆ ಚೀಟಿ ಇಲ್ಲದ ಡಬ್ಬಿ ಬಂದರೆ ಅದು ಸರಿಯಾದ ದಾರಿಯಲ್ಲಿ ಬಂದ ಮಾಲೋ, ನಕಲಿಯೋ ಅನ್ನುವ ಅನುಮಾನ ಅವತ್ತೇ ಬರಬೇಕು.

ಅಡ್ವಾನ್ಸ್ ವಿಷಯವೂ ಇಲ್ಲೇ ಸೇರುತ್ತದೆ. "ಕಂಟೇನರ್ ಬರ್ತಿದೆ, ಪೂರ್ತಿ ಕೊಟ್ಟರೆ ಬುಕ್ ಮಾಡ್ತೀವಿ" ಅಂತ ದುಡ್ಡು ತಗೊಂಡು ತಿಂಗಳುಗಟ್ಟಲೆ ಕಾಯಿಸುವುದು ಹೊಸದೇನಲ್ಲ. ಕೊನೆಗೆ ಡಾಲರ್ ಏರಿತು ಅಂತ ಇನ್ನಷ್ಟು ಕೇಳುವುದೂ ಉಂಟು. ಪಾರ್ಟ್ ನಂಬರ್, ಒಟ್ಟು ಬೆಲೆ, ಯಾವ ದಿನಾಂಕದೊಳಗೆ, ಬರದಿದ್ದರೆ ದುಡ್ಡು ವಾಪಸ್ ಯಾವಾಗ, ಇಷ್ಟು ಇರುವ ಕಾಗದ ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ ಕೇಳುವ ದಾರಿ ಒಂದಿರುತ್ತದೆ. ಅಂಗಡಿ ಓನರಿನ ಸ್ವಂತ ಖಾತೆಗೆ ಹಾಕಿದ ದುಡ್ಡನ್ನು ಹಾಗೆ ವಾಪಸ್ ತರುವುದು ಕಷ್ಟ.

ಶೋರೂಮು ಮತ್ತು ಅಮೆರಿಕದ ಕಾನೂನು

"ಬೇರೆ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ರದ್ದು ಮಾಡುವ ಹಾಗಿಲ್ಲ" ಅಂತ ಧೈರ್ಯವಾಗಿ ಹೇಳುವವರು ಸಿಗುತ್ತಾರೆ. ಅವರು ಓದಿರುವುದು ಅಮೆರಿಕದ ಮಾತು. ಅಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಹೊರಗಿನ ಪಾರ್ಟ್ ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ನಿರಾಕರಿಸುವುದು ಕಷ್ಟ, ಆ ಪಾರ್ಟಿನಿಂದಲೇ ತೊಂದರೆ ಆಯಿತು ಅಂತ ಕಂಪನಿ ತೋರಿಸಬೇಕಾಗುತ್ತದೆ. ಅಲ್ಲಿನ ಪಿಕಪ್ ಜನ ಇದನ್ನು ಹಿಡಿದು ಡೀಲರುಗಳ ಜೊತೆ ಜಗಳ ಆಡುತ್ತಾರೆ. ಆ ವಿಡಿಯೋ ನೋಡಿ ನಾವು ಹೊಸಕೋಟೆಯ ಶೋರೂಮಿನಲ್ಲಿ ಅದೇ ಮಾತು ಆಡಿದರೆ ನಡೆಯುವುದಿಲ್ಲ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬೇಡಿ, ಆ ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ರದ್ದು ಮಾಡಬಹುದು ಅಂತ ಆಯೋಗ ಹೇಳಿತ್ತು. ಆದೇಶ ಮೇಲ್ಮನವಿಗಳಿಗೆ ಹೋಯಿತು. ಅದು ರಿಪೇರಿ ಬಗ್ಗೆ ಹೇಳಿದ ಮಾತು, ಗಾಡಿ ಎತ್ತರ ಮಾಡುವ ಬಗ್ಗೆ ಅಲ್ಲ. ಆದರೂ ಅದರ ಹಿಂದಿನ ತರ್ಕ ನ್ಯಾಯವಾದದ್ದೇ: ಸಸ್ಪೆನ್ಷನ್ ಬದಲಿಸಿದ್ದಕ್ಕೆ ಏಸಿ ವಾರಂಟಿ ಯಾಕೆ ಹೋಗಬೇಕು? ಶೋರೂಮಿನವರು ಬಾಯಲ್ಲಿ "ಇಲ್ಲ" ಅಂದರೆ ಅಲ್ಲಿಗೆ ಬಿಡಬೇಡಿ. ಯಾವ ಷರತ್ತಿನ ಪ್ರಕಾರ, ಯಾವ ಪಾರ್ಟಿನಿಂದ ಯಾವ ತೊಂದರೆ ಆಯಿತು ಅಂತ ಬರೆದುಕೊಡಿ ಅಂತ ಕೇಳಿ. ಡ್ರೈವ್ ಶಾಫ್ಟಿನ ಬೂಟ್ ಹರಿದದ್ದಕ್ಕೆ ವಾರಂಟಿ ಕೇಳುವುದು ಮಾತ್ರ ವ್ಯರ್ಥ. ಗಾಡಿ ಎತ್ತಿದ್ದಕ್ಕೂ ಅದಕ್ಕೂ ನೇರ ನಂಟು ಇದೆ.

ಯಾರೂ ಜೋರಾಗಿ ಹೇಳದ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ತಯಾರಕ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಹೊಸ ರೂಪದಲ್ಲಿ ಬಂತು: ಅನುಮತಿ ಇಲ್ಲದ ರೀತಿಯಲ್ಲಿ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಮನಿಸಿ, ಇಲ್ಲಿ ಸಿಕ್ಕಿಕೊಳ್ಳುವುದು ಮಾಲೀಕ.

ಕೆಲವು ಅಂಗಡಿಗಳು ಬಿಲ್ಲಿನ ಮೂಲೆಯಲ್ಲಿ "ಆಫ್-ರೋಡ್ ಬಳಕೆಗೆ ಮಾತ್ರ" ಅಂತ ಒಂದು ಸಾಲು ಹಾಕುವುದು ಇದಕ್ಕೇ. ಗ್ರಾಹಕರ ಆಯೋಗದಲ್ಲಿ ಕೇಸು ಬಂದಾಗ ಮಾರುವವರು ಇದನ್ನು ಎತ್ತಬಹುದು: ಕೆಲಸವೇ ಕಾನೂನಿಗೆ ವಿರುದ್ಧ, ಹಾಗಿದ್ದ ಮೇಲೆ ಪರಿಹಾರ ಯಾಕೆ ಅಂತ. ಈ ವಾದ ನನಗೆ ಒಪ್ಪಿಗೆ ಇಲ್ಲ. ಗಾಡಿಯ ಹೆಸರು, ಮಾಡೆಲ್ ಹಾಕಿ ಜಾಹೀರಾತು ಕೊಟ್ಟು, ಜಿಎಸ್‌ಟಿ ಹಾಕಿ ಮಾರಿ, ತಮ್ಮದೇ ಶೆಡ್ಡಿನಲ್ಲಿ ಫಿಟ್ ಮಾಡಿ, ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿ ಅಂತ ಕೀ ಕೊಟ್ಟವರು, ಪಾರ್ಟ್ ಕೆಟ್ಟ ದಿನ ಕಾನೂನಿನ ಹಿಂದೆ ಅವಿತುಕೊಳ್ಳುವುದು ಯಾವ ನ್ಯಾಯ? ಆದರೆ ನನ್ನ ಅಭಿಪ್ರಾಯ ನಿಮ್ಮ ಕೇಸನ್ನು ಉಳಿಸುವುದಿಲ್ಲ, ಈ ಅಪಾಯ ನಿಜವಾಗಿ ಇದೆ ಅಂತ ತಿಳಿದೇ ದುಡ್ಡು ಹಾಕಿ. ವಿಮೆ ಕಂಪನಿಗೂ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ. ಅಪಘಾತ ಆದ ಮೇಲೆ ಸರ್ವೇಯರ್ ಕಣ್ಣಿಗೆ ಬಣ್ಣಬಣ್ಣದ ಸ್ಪ್ರಿಂಗ್ ಬೀಳದೇ ಇರುವುದಿಲ್ಲ.

ದೂರು ಕೊಡುವುದಾದರೆ

ಮೊದಲ ಕೆಲಸ: ಕೆಟ್ಟ ಪಾರ್ಟನ್ನು ಬಿಚ್ಚಿಸಿದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕಂಪನಿಗೆ ಕಳಿಸಲೇಬೇಕು ಅಂದರೆ ಫೋಟೋ, ಸೀರಿಯಲ್ ನಂಬರ್, ತಗೊಂಡವರ ಸಹಿ ಇಟ್ಟುಕೊಂಡು ಕಳಿಸಿ. ಪರೀಕ್ಷೆ ಇಲ್ಲದೆ ದೋಷ ಗೊತ್ತಾಗುವುದಿಲ್ಲ ಅಂತಾದರೆ ಗ್ರಾಹಕರ ಆಯೋಗ ಮಾದರಿಯನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು ಅಂತ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ, ವರದಿಗೆ 45 ದಿನದ ಅವಧಿ. ಪಾರ್ಟೇ ಇಲ್ಲದಿದ್ದರೆ ಏನನ್ನು ಕಳಿಸುತ್ತಾರೆ? ಸಿಟ್ಟಿನಲ್ಲಿ ಗುಜರಿಗೆ ಹಾಕಿಬಿಟ್ಟವರ ಕೇಸು ಅಲ್ಲಿಗೇ ಸೊರಗುತ್ತದೆ. ಇನ್ನೊಂದು ಗ್ಯಾರೇಜಿನಲ್ಲಿ ಬಿಚ್ಚಿ ರಿಪೇರಿ ಮಾಡಿಸುವುದಕ್ಕೂ ಮುಂಚೆ ಮಾರಿದವರಿಗೆ ಲಿಖಿತವಾಗಿ ತಿಳಿಸಿ, ನೋಡಲು ಒಂದು ಅವಕಾಶ ಕೊಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಷ್ಟೋ ಸಣ್ಣ ಜಗಳ ಅಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲೇ, 5 ಲಕ್ಷದವರೆಗೆ ಶುಲ್ಕವೂ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬೆಂಗಳೂರಿನ ಅಂಗಡಿಯಿಂದ ಕೊಂಡ ಮಡಿಕೇರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ತಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅನ್ನುವುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು, ಈಗ ಅದು ಇ-ಜಾಗೃತಿ ಪೋರ್ಟಲಿನಲ್ಲಿ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಪಾರ್ಟ್ ಪರೀಕ್ಷೆ ಬೇಕಿಲ್ಲದ ಕೇಸು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ, ಅಷ್ಟು ತಾಳ್ಮೆ ಇಟ್ಟುಕೊಂಡೇ ಇಳಿಯಿರಿ.

ಪಿಕಪ್ ಇಟ್ಟುಕೊಂಡವರು ಇನ್ನೊಂದು ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಈ ಕಾಯ್ದೆ ಗ್ರಾಹಕ ಅಂತ ಒಪ್ಪುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಬಳಸುವವರಿಗೆ ಮಾತ್ರ ವಿನಾಯಿತಿ ಇದೆ. ಐದೆಕರೆ ಕಾಫಿ ತೋಟವನ್ನು ತಾನೇ ನೋಡಿಕೊಂಡು ಅದೇ ಪಿಕಪ್ಪಿನಲ್ಲಿ ಗೊಬ್ಬರ ಸಾಗಿಸುವವರು ಮತ್ತು ಹತ್ತು ಗಾಡಿ ಇಟ್ಟುಕೊಂಡು ಹೋಮ್‌ಸ್ಟೇ ಅತಿಥಿಗಳಿಗೆ ಸಫಾರಿ ಓಡಿಸುವವರು ಆಯೋಗದ ಮುಂದೆ ಒಂದೇ ಅಲ್ಲ. ಎರಡನೆಯವರು ಸಿವಿಲ್ ಕೋರ್ಟಿಗೆ ಹೋಗಬೇಕಾಗಬಹುದು. ಅಲ್ಲೂ ಆ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಅವರ ಕೈಲಿರುತ್ತದೆ, ಕೊಳ್ಳುವ ದಿನ ಇಂಥ ಕೆಲಸಕ್ಕೆ ಬೇಕು ಅಂತ ಬರೆದು ಕೇಳಿದ್ದರೆ.